ಗ್ಯಾಲರಿಯಲ್ಲಿ ಕೂತವರ ಲೆಕ್ಕ

(ಕೊಡಗಿನ ಗೋಣಿಕೊಪ್ಪದಲ್ಲಿ ಒಂದು ಭಾನುವಾರ ಸಂಜೆ ಮಾತಾಡಿದ್ದು. ಬಾರದವರು ಕೆಲವರು ಬರೆದು ಕೊಡಿ ಅಂದರು. ಮಾತಾಡಿದ ಹಾಗೇ ಬರೆದಿದ್ದೇನೆ, ಕೊನೆಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಭಾಷಣ ಆಮೇಲೆ. ಮೊದಲು ಒಂದು ಕೆಲಸ ಮಾಡೋಣ. ಎಲ್ಲರೂ ಕುರ್ಚಿಯ ನಡುಭಾಗಕ್ಕೆ ಬಂದು ಬೆನ್ನು ನೇರ ಮಾಡಿ ಕೂತುಕೊಳ್ಳಿ. ಎರಡೂ ಪಾದ ನೆಲಕ್ಕೆ ಊರಿರಲಿ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ಇದು ಪ್ಲಾಸ್ಟಿಕ್ ಕುರ್ಚಿ, ಜಾರುತ್ತದೆ, ಹಿಂದಿನವರು ಸ್ವಲ್ಪ ಹಿಡಿದುಕೊಳ್ಳಿ. ಸೊಂಟಕ್ಕೆ ಆಪರೇಷನ್ ಆದವರು, ತಲೆ ತಿರುಗುವವರು ಸುಮ್ನೆ ಕೂತು ನೋಡಿ, ಪರವಾಗಿಲ್ಲ. ಉಳಿದವರು ನಾನು ಶಿಳ್ಳೆ ಹೊಡೆದ ತಕ್ಷಣ ಕೈ ಊರದೆ ಎದ್ದು ಪೂರ್ತಿ ನಿಲ್ಲಿ, ಮತ್ತೆ ಕೂತುಕೊಳ್ಳಿ, ಮತ್ತೆ ಎದ್ದೇಳಿ. 30 ಸೆಕೆಂಡು. ಎಷ್ಟು ಸಲ ಎದ್ದಿರಿ ಅಂತ ನೀವೇ ಎಣಿಸಿಕೊಳ್ಳಿ.

ಆಯ್ತು. ನೋಡಿದಿರಲ್ಲ? ಮುಂದಿನ ಸಾಲಿನಲ್ಲಿ ನಮ್ಮ ಹಳೇ ಆಟಗಾರರೊಬ್ಬರು ಇದ್ದಾರೆ, ಹೆಸರು ಹೇಳುವುದಿಲ್ಲ, ಒಂದು ಕಾಲದಲ್ಲಿ ಅವರು ಬಾಲ್ ಹಿಡಿದು ಓಡಿದರೆ ಹಿಂದೆ ಯಾರೂ ಇರುತ್ತಿರಲಿಲ್ಲ. ಎಂಟಕ್ಕೇ ಉಸ್ಸಪ್ಪಾ ಅಂತ ಕೂತರು. ಅಲ್ಲಿ ಬಾಗಿಲ ಹತ್ತಿರ ತೋಟದ ಕೆಲಸಕ್ಕೆ ಹೋಗುವ ಅಕ್ಕ ಒಬ್ಬರಿದ್ದಾರೆ. ಅವರು 17 ಮುಗಿಸಿ, ಇನ್ನೂ ಮಾಡಬೇಕಾ ಅನ್ನೋ ಹಾಗೆ ನನ್ನ ಮುಖ ನೋಡುತ್ತಿದ್ದರು.

ಇದು ಸುಮ್ನೆ ಮಾಡಿಸಿದ ತಮಾಷೆ ಅಲ್ಲ. ವಯಸ್ಸಾದವರು ಬೀಳುವ ಅಪಾಯ ಎಷ್ಟು ಅಂತ ತಿಳಿಯಲು ಅಮೆರಿಕದ ಆರೋಗ್ಯ ಇಲಾಖೆಯವರು ಇದೇ ಪರೀಕ್ಷೆ ಮಾಡಿಸುತ್ತಾರೆ. 60ರಿಂದ 64ರ ಗಂಡಸರು 14ಕ್ಕಿಂತ ಕಡಿಮೆ, ಹೆಂಗಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಕಾಲಿನ ಶಕ್ತಿ ಆ ವಯಸ್ಸಿಗೆ ಇರಬೇಕಾದದ್ದಕ್ಕಿಂತ ಕಡಿಮೆ ಅಂತ ಅರ್ಥ. 70ರಿಂದ 74ರವರಿಗೆ 12 ಮತ್ತು 10. ನಿಮ್ಮ ಸಂಖ್ಯೆ ನಿಮ್ಮ ಹತ್ತಿರವೇ ಇರಲಿ, ನಾನು ಕೇಳುವುದಿಲ್ಲ.

ನಾನು ಹೇಳಬೇಕು ಅಂತ ಬಂದದ್ದು ಒಂದೇ ವಿಷಯ. ಕೊಡಗಿನಲ್ಲಿ ನಾವು ಆಟ ಆಡುವವರನ್ನು ಚೆನ್ನಾಗಿ ಎಣಿಸುತ್ತೇವೆ. ಎಷ್ಟು ತಂಡ, ಎಷ್ಟು ಗೋಲು, ಎಷ್ಟು ಜನ ಇಂಡಿಯಾಗೆ ಆಡಿದರು, ಎಲ್ಲ ಬಾಯಿಪಾಠ. ಹಾಕಿಯಲ್ಲಿ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದ ಸೋಮಯ್ಯ, ಸೋಮವಾರಪೇಟೆಯ ಸುನಿಲ್, ಓಟದಲ್ಲಿ ಅಶ್ವಿನಿ ನಾಚಪ್ಪ. ಹೇಳುತ್ತಾ ಹೋದರೆ ರಾತ್ರಿ ಆಗುತ್ತದೆ. ಆದರೆ ಗ್ಯಾಲರಿಯಲ್ಲಿ ಕೂತವರ ಲೆಕ್ಕ ಯಾರೂ ಇಟ್ಟಿಲ್ಲ. ಆರೋಗ್ಯದ ಪ್ರಶ್ನೆ ಇರುವುದು ಅಲ್ಲಿ.

ಕೊಡವ ಮನೆತನಗಳು ಒಂದೊಂದು ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿಯನ್ನೇ ತಗೊಳ್ಳಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬಗಳು ಬಂದಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ ನಡೆದಾಗ 360 ತಂಡ, ಗಿನ್ನೆಸ್ ದಾಖಲೆ. ಅದರ ಬಗ್ಗೆ ನನಗೆ ಹೆಮ್ಮೆ ಇದೆ, ಯಾರೂ ತಪ್ಪು ತಿಳಿಯಬೇಡಿ. ಆದರೂ ಲೆಕ್ಕ ಹಾಕಿ. ತಂಡಕ್ಕೆ 11 ಅಂದರೂ ಸುಮಾರು 4,000 ಜನ. 2011ರ ಜನಗಣತಿಯಲ್ಲೇ ಜಿಲ್ಲೆಯ ಜನಸಂಖ್ಯೆ 5.54 ಲಕ್ಷ. ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ಅದೂ ನಾಕೌಟ್ ಪಂದ್ಯ. ಹೆಚ್ಚುಕಡಿಮೆ ಅರ್ಧದಷ್ಟು ತಂಡಗಳು ತಮ್ಮ ಮೊದಲ ಪಂದ್ಯದಲ್ಲೇ ಸೋತು ಮನೆಗೆ ಹೋಗುತ್ತವೆ. ಅವರಲ್ಲಿ ಎಷ್ಟೋ ಜನಕ್ಕೆ ಆ ವರ್ಷದ ವ್ಯಾಯಾಮ ಅಲ್ಲಿಗೆ ಮುಗಿಯಿತು.

ಇದು ಕೊಡವರ ಹಾಕಿಯ ಮಾತು ಮಾತ್ರ ಅಲ್ಲ. ಗೌಡ ಕುಟುಂಬಗಳ ಕ್ರಿಕೆಟ್ ಇರಲಿ, ಊರೂರಿನ ಫುಟ್ಬಾಲ್, ವಾಲಿಬಾಲ್ ಇರಲಿ, ಎಲ್ಲದರ ಕಥೆಯೂ ಇದೇ. ಆಡುವವರು ಆಡುತ್ತಾರೆ. ಉಳಿದವರು ಕೊಡೆ ಹಿಡಿದು, ಕುರ್ಚಿ ಹಾಕಿಸಿಕೊಂಡು, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಪಪ್ಸ್, ಜ್ಯೂಸ್, ಮಧ್ಯಾಹ್ನ ಬಿರಿಯಾನಿ, ಮತ್ತೆ ಜ್ಯೂಸ್. ಕೂಗಿ ಕೂಗಿ ಗಂಟಲು ಹೋಗಿರುತ್ತದೆ, ಹಾಗಾಗಿ ಏನೋ ದೊಡ್ಡ ಕಸರತ್ತು ಮಾಡಿದ ಹಾಗೆ ಅನ್ನಿಸುತ್ತದೆ.

ಆಡುವವರದ್ದೂ ಒಂದು ಕಥೆ ಇದೆ. 46–48ರ ಒಬ್ಬರು. ಬೆಂಗಳೂರಲ್ಲಿ ಕೆಲಸ, ದಿನವಿಡೀ ಕಂಪ್ಯೂಟರ್ ಮುಂದೆ. ಏಪ್ರಿಲ್ ಬಂತು, ಒಕ್ಕದವರು, ಅಂದರೆ ಮನೆತನದವರು, ಫೋನ್ ಮಾಡಿದರು, ಒಬ್ಬ ಕಡಿಮೆ ಇದ್ದಾನೆ ಬಾ ಅಂತ. ರಾತ್ರಿ ಬಸ್ಸಿನಲ್ಲಿ ಕೂತು ಬಂದರು, ಬೆಳಿಗ್ಗೆ ಜೆರ್ಸಿ ಹಾಕಿದರು. ವಾರ್ಮ್ ಅಪ್ ಅಂತ ಎರಡು ಸಲ ಸೊಂಟ ತಿರುಗಿಸಿದರು. ಆಟ ಶುರುವಾಗಿ ಹತ್ತು ನಿಮಿಷ ಆಗಿಲ್ಲ, ಬಾಲಿಗೆ ಅಂತ ಥಟ್ಟನೆ ಮುಂದಕ್ಕೆ ನುಗ್ಗಿದರು, ಅಷ್ಟೇ. ಹಿಂದಿನಿಂದ ಯಾರೋ ಸ್ಟಿಕ್ಕಿನಲ್ಲಿ ಮೀನಖಂಡಕ್ಕೆ ಹೊಡೆದರು ಅಂತ ತಿರುಗಿ ನೋಡುತ್ತಾರೆ, ಹಿಂದೆ ಯಾರೂ ಇಲ್ಲ! ಮೀನಖಂಡದ ಸ್ನಾಯು ಹರಿದಾಗ ಹಾಗೇ ಅನ್ನಿಸುತ್ತದೆ, ಯಾರೋ ಹೊಡೆದ ಹಾಗೆ. ನಾನು ಮೈದಾನದ ಪಕ್ಕ ಐಸ್ ಡಬ್ಬ ಇಟ್ಟುಕೊಂಡು ಕೂತವನು, ಹೀಗೆ ತಿರುಗಿ ನೋಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಇದು ಕಾಲು. ಇದೇ ಕೆಲಸವನ್ನು ಹೃದಯಕ್ಕೆ ಕೊಟ್ಟರೆ? ವರ್ಷವಿಡೀ ಕೂತಿದ್ದ ದೇಹವನ್ನು ಒಂದೇ ದಿನ ಪೂರ್ತಿ ದಣಿಸುವುದು ಆರೋಗ್ಯ ಅಲ್ಲ, ಅಪಾಯ.

ಈಗ ಲಂಡನ್ನಿಗೆ ಹೋಗಿ ಬರೋಣ. ಅಲ್ಲಿ ಜೆರ್ರಿ ಮಾರಿಸ್ ಅಂತ ಒಬ್ಬ ಡಾಕ್ಟರ್ ಇದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹೃದಯಾಘಾತ ಯಾಕೆ ಜಾಸ್ತಿ ಆಗುತ್ತಿದೆ ಅಂತ ಹುಡುಕುತ್ತಾ ಅವರು ಡಬಲ್ ಡೆಕ್ಕರ್ ಬಸ್ಸಿನ ಡ್ರೈವರು, ಕಂಡಕ್ಟರುಗಳ ಲೆಕ್ಕ ತೆಗೆದರು. ಇಬ್ಬರೂ ಒಂದೇ ಬಸ್ಸಿನವರು, ಒಂದೇ ಥರದ ಮನೆಯವರು, ಸಂಬಳದಲ್ಲೂ ದೊಡ್ಡ ವ್ಯತ್ಯಾಸ ಇಲ್ಲ. ಡ್ರೈವರ್ ಕೂತೇ ಇರುತ್ತಾನೆ. ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತುತ್ತಾನೆ, ಇಳಿಯುತ್ತಾನೆ. 1953ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ, ಆದವರಿಗೂ ತಡವಾಗಿ, ಸಾವೂ ಕಡಿಮೆ. ಅಂಚೆ ಇಲಾಖೆಯಲ್ಲಿ ನೋಡಿದರೂ ಹಾಗೇ: ಕಾಗದ ಹಂಚುವ ಪೋಸ್ಟ್‌ಮ್ಯಾನ್ ಮೇಜಿನ ಮುಂದೆ ಕೂತ ಗುಮಾಸ್ತನಿಗಿಂತ ಗಟ್ಟಿ. ಅಲ್ಲಿಯವರೆಗೆ ವ್ಯಾಯಾಮಕ್ಕೂ ಹೃದಯಕ್ಕೂ ಇಷ್ಟು ಸಂಬಂಧ ಇದೆ ಅಂತ ಡಾಕ್ಟರುಗಳೇ ಸರಿಯಾಗಿ ಒಪ್ಪಿರಲಿಲ್ಲ. ಅಂದ ಹಾಗೆ ಆ ಮಾರಿಸ್ 99 ವರ್ಷ ಬದುಕಿದರು.

ಆ ಕಂಡಕ್ಟರುಗಳಲ್ಲಿ ಯಾರೂ ಮೆಡಲ್ ಗೆದ್ದವರಲ್ಲ. ಯಾವ ತಂಡದಲ್ಲೂ ಆಡಬೇಕಾಗಿರಲಿಲ್ಲ. ಟಿಕೆಟ್ ಹರಿಯುತ್ತಾ ಮೆಟ್ಟಿಲು ಹತ್ತಿದರು, ಅಷ್ಟೇ.

ನಮ್ಮ ಕಾಫಿ ತೋಟದಲ್ಲೂ ಇದೇ ಬಸ್ಸು ಓಡುತ್ತಿದೆ. ತೋಟದ ಯಜಮಾನರು ಜೀಪಿನಲ್ಲಿ. ಲೆಕ್ಕ ಬರೆಯುವ ರೈಟರು ಬೈಕಿನಲ್ಲಿ, ಇಲ್ಲ ಅಂದರೆ ಆಫೀಸಿನಲ್ಲಿ ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುತ್ತಾ. ಕುಯ್ಲಿನವರು ಇಳಿಜಾರಿನಲ್ಲಿ ಹತ್ತುತ್ತಾ ಇಳಿಯುತ್ತಾ, ಸಂಜೆ ಮೂಟೆ ಹೊತ್ತುಕೊಂಡು ರಸ್ತೆಗೆ. ಹಿಂದೆ ಯಜಮಾನರೂ ತೋಟ ಸುತ್ತಲು ನಡೆದೇ ಹೋಗುತ್ತಿದ್ದರು. ಗದ್ದೆ ಇತ್ತು. ನಾಟಿ ಮುಗಿದ ದಿನ ದೊಡ್ಡ ಗದ್ದೆಯಲ್ಲಿ ಓಟ ಇರುತ್ತಿತ್ತು, ಕೆಸರಿನಲ್ಲಿ, ಎಲ್ಲರೂ. ಈಗ ಎಷ್ಟೋ ಗದ್ದೆ ಪಾಳು, ಎಷ್ಟೋ ಕಡೆ ಶುಂಠಿ. ಕೆಸರುಗದ್ದೆ ಓಟ ಉಳಿದಿದೆ, ಆದರೆ ಅದು ಬ್ಯಾನರ್ ಕಟ್ಟಿ ಬಹುಮಾನ ಇಟ್ಟು ಮಾಡುವ ಕ್ರೀಡಾಕೂಟ. ಅಲ್ಲೂ ಹತ್ತು ಜನ ಕೆಸರಿನಲ್ಲಿ, ಉಳಿದವರು ದಂಡೆಯಲ್ಲಿ ಫೋನ್ ಹಿಡಿದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ತೋಟದ ಲೈನ್ ಮನೆಗಳಲ್ಲಿರುವ ಕೆಲಸದವರಿಗೆ ಹೋಗಿ ವಾಕಿಂಗ್ ಮಾಡಿ ಅಂತ ಉಪದೇಶ ಮಾಡಬೇಡಿ. ಅವರಿಗೆ ಬೇಕಾಗಿರುವುದು ವಿಶ್ರಾಂತಿ, ಹೊಟ್ಟೆ ತುಂಬ ಬೇಳೆ ಮೊಟ್ಟೆ, ಬೆನ್ನು ನೋವಿಗೆ ಔಷಧಿ, ಮೂಟೆಯ ಭಾರ ಸ್ವಲ್ಪ ಇಳಿಸುವುದು. ಇಷ್ಟವಾಗಿ ಮಾಡುವ ನಡಿಗೆ ಬೇರೆ, ಹೊಟ್ಟೆಪಾಡಿಗೆ ಬೆನ್ನು ಬಾಗಿಸುವುದು ಬೇರೆ. ಒಂದೇ ಪಾಠ ಎಲ್ಲರಿಗೂ ಹೊಂದುವುದಿಲ್ಲ.

ಹಾಗಾದರೆ ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಉಸಿರು ಏರುವಷ್ಟು ಚಟುವಟಿಕೆ. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಶಕ್ತಿ ಬರುವ ಕೆಲಸ. 65 ದಾಟಿದವರು ಇದರ ಮೇಲೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸ ಮಾಡಬೇಕು. ಮಕ್ಕಳಿಗೆ ದಿನಕ್ಕೆ ಒಂದು ಗಂಟೆ. ಉಸಿರು ಎಷ್ಟು ಏರಬೇಕು ಅಂದರೆ, ಮಾತಾಡಬಹುದು ಆದರೆ ಹಾಡು ಹೇಳಲಾಗದು, ಅಷ್ಟು. ಬಯಲುಸೀಮೆಯವರು ಅದಕ್ಕೆ ಬಿರಬಿರನೆ ನಡೆಯಬೇಕು. ನಮಗೆ ಆ ಕಷ್ಟ ಇಲ್ಲ, ಮನೆಯಿಂದ ಗೇಟಿಗೆ ಹೋಗಿ ಬರುವಷ್ಟರಲ್ಲಿ ಹಾಡು ನಿಂತಿರುತ್ತದೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅಂತ ಎಲ್ಲರ ಫೋನೂ ಕಾಡುತ್ತದಲ್ಲ, ಅದು ಯಾವ ಡಾಕ್ಟರೂ ಕೊಟ್ಟ ಚೀಟಿ ಅಲ್ಲ. 1960ರ ದಶಕದಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ಸಂಖ್ಯೆ. 2019ರಲ್ಲಿ ಅಮೆರಿಕದಲ್ಲಿ ವಯಸ್ಸಾದ ಹೆಂಗಸರ ಮೇಲೆ ಮಾಡಿದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ಹಾಕಿದವರಿಗೇ 2,700 ಹಾಕಿದವರಿಗಿಂತ ಸಾವಿನ ಅಪಾಯ ಕಡಿಮೆ ಇತ್ತು. 7,500ರ ಹತ್ತಿರ ಬಂದ ಮೇಲೆ ಲಾಭ ಹೆಚ್ಚೇನೂ ಏರಲಿಲ್ಲ. ಅಂದರೆ ಏನೂ ಮಾಡದವರು ಸ್ವಲ್ಪ ಮಾಡಿದರೂ ಅವರಿಗೇ ದೊಡ್ಡ ಲಾಭ. ಈಗಾಗಲೇ ಓಡುತ್ತಿರುವವನಿಗೆ ಇನ್ನೂ ಒಂದು ಕಪ್ ಕೊಡುವುದಕ್ಕಿಂತ ಕೂತವರನ್ನು ಎಬ್ಬಿಸುವುದರಲ್ಲಿ ಊರಿಗೆ ಲಾಭ ಜಾಸ್ತಿ. ದುಡ್ಡು ಮಾತ್ರ ಕಪ್ಪಿಗೇ ಹೋಗುತ್ತದೆ.

ಸಕ್ಕರೆ ಕಾಯಿಲೆ ಇರುವವರು ಇದನ್ನು ಕೇಳಿಸಿಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ, 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಶುಗರ್ ಇದೆ. ಊಟ ಆದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಆಗ ಕಾಲಿನ ಸ್ನಾಯು ಕೆಲಸ ಮಾಡಿದರೆ ಅದು ಆ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲೂ. ಹಾಗಾಗಿ ಊಟ ಮಾಡಿ ತಕ್ಷಣ ಸೋಫಾಕ್ಕೆ ಒರಗುವ ಬದಲು ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಅಡ್ಡಾಡಿ. ಮಳೆ ಇದ್ದರೆ ಕಯ್ಯಾಲೆಯಲ್ಲೇ, ಅಂದರೆ ಮನೆ ಮುಂದಿನ ಜಗಲಿಯಲ್ಲೇ, ಆ ತುದಿಯಿಂದ ಈ ತುದಿಗೆ. ಮನೆಯವರು ನಗುತ್ತಾರೆ, ನಗಲಿ.

ಈಗ ನೀವು ಕೇಳಬೇಕಾದ್ದನ್ನು ನಾನೇ ಕೇಳುತ್ತೇನೆ. ಎಲ್ಲಿ ನಡೆಯೋದು ಸಾರ್?

ಸರಿಯಾದ ಪ್ರಶ್ನೆ. ಬೆಂಗಳೂರಿನ ಪುಸ್ತಕದ ಮಾತು ಇಲ್ಲಿ ನಡೆಯುವುದಿಲ್ಲ. ಬೆಳಗಿನ ಜಾವ ಐದಕ್ಕೆ ಎದ್ದು ವಾಕಿಂಗ್ ಹೋಗಿ ಅಂತಾರೆ. ದಕ್ಷಿಣ ಕೊಡಗಿನಲ್ಲಿ ಐದಕ್ಕೆ ಹೊರಗೆ ಹೋದರೆ ಎದುರಿಗೆ ಆನೆ ಇರುತ್ತದೆ. ಇದು ನಗುವ ಮಾತಲ್ಲ, ತೋಟದ ರಸ್ತೆಯಲ್ಲಿ ಬೆಳಿಗ್ಗೆ ನಡೆದು ಹೋಗುತ್ತಿದ್ದವರು ಸತ್ತಿದ್ದಾರೆ. ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ. ಒಬ್ಬರೇ ಹೋಗಬೇಡಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಹಲಸು ಹಣ್ಣಾಗುವ ಕಾಲದಲ್ಲಿ, ಭತ್ತ ತೆನೆ ಬಂದಾಗ ತೋಟದ ಒಳದಾರಿ ಬಿಟ್ಟು ಪೇಟೆ ರಸ್ತೆಗೇ ಬನ್ನಿ. ಅಲ್ಲಿ ಆನೆ ಇಲ್ಲ, ಆದರೆ ಫುಟ್‌ಪಾತೂ ಇಲ್ಲ. ಇದ್ದ ಕಡೆ ಬೈಕ್ ನಿಂತಿರುತ್ತದೆ. ವಾರದ ಕೊನೆಯಲ್ಲಿ ಪ್ರವಾಸಿಗರ ಕಾರು. ನಾಯಿಗಳ ವಿಷಯ ಬೇರೆ ಹೇಳಬೇಕಾಗಿಲ್ಲ. ಹೆಂಗಸರು ಸಂಜೆ ಏಳಕ್ಕೆ ಒಬ್ಬರೇ ನಡೆಯಲಿ ಅಂತ ನಾನು ಸ್ಟೇಜಿನ ಮೇಲೆ ನಿಂತು ಹೇಳಿಬಿಡಬಹುದು, ನಡೆಯುವವರು ಅವರಲ್ವಾ?

ಇರುವ ಒಂದು ಒಳ್ಳೇ ಜಾಗ ಅಂದರೆ ಶಾಲೆಯ ಮೈದಾನ. ಸಮತಟ್ಟು, ಬೇಲಿ ಇದೆ, ಆನೆ ಬರುವುದು ಕಡಿಮೆ, ವಾಹನ ಇಲ್ಲ. ಸಂಜೆ ನಾಲ್ಕೂವರೆಗೆ ಅದಕ್ಕೆ ಬೀಗ. ಒಂದು ಶಾಲೆಯಲ್ಲಿ ಕೇಳಿದೆ, ಸಂಜೆ ಒಂದು ಗಂಟೆ ತೆರೆದಿಡಿ, ಊರವರು ನಡೆಯುತ್ತಾರೆ ಅಂತ. ಜವಾಬ್ದಾರಿ ಯಾರದ್ದು ಅಂದರು. ಅದೇ ಮೈದಾನವನ್ನು ಟೂರ್ನಮೆಂಟಿಗೆ ಕೇಳಿದರೆ ಮೂರು ದಿನ ಕೊಡುತ್ತಾರೆ, ಶಾಮಿಯಾನ ಹಾಕಲು ಗುಂಡಿ ತೋಡಿದರೂ ಸುಮ್ನಿರುತ್ತಾರೆ. 22 ಜನಕ್ಕೆ ತೆರೆಯುವ ಗೇಟು 200 ಜನಕ್ಕೆ ತೆರೆಯುವುದಿಲ್ಲ.

ದಕ್ಷಿಣ ಅಮೆರಿಕದಲ್ಲಿ ಬೊಗೊಟಾ ಅಂತ ಒಂದು ನಗರ ಇದೆ, ಕೊಲಂಬಿಯಾದ ರಾಜಧಾನಿ. ಅದೂ ನಮ್ಮ ಹಾಗೆ ಬೆಟ್ಟದ ಊರು, ನಮ್ಮ ಮಡಿಕೇರಿಗಿಂತ ದುಪ್ಪಟ್ಟಿಗೂ ಎತ್ತರ. ಅಲ್ಲಿ 1974ರಲ್ಲಿ ಶುರುವಾದ ಒಂದು ಕ್ರಮ ಇದೆ: ಪ್ರತಿ ಭಾನುವಾರ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಮುಖ್ಯ ರಸ್ತೆಗಳಲ್ಲಿ ಕಾರು ಬಂದ್. ನೂರು ಕಿಲೋಮೀಟರಿಗೂ ಹೆಚ್ಚು ರಸ್ತೆ. ಅಜ್ಜಿ, ಮಗು, ಸೈಕಲ್, ನಾಯಿ, ಎಲ್ಲರೂ ರಸ್ತೆಯಲ್ಲಿ. ಗೆಲ್ಲುವವರು ಸೋಲುವವರು ಯಾರೂ ಇಲ್ಲ. ನಾವು ಅಷ್ಟು ಕೇಳುವುದು ಬೇಡ. ಭಾನುವಾರ ಬೆಳಿಗ್ಗೆ 7ರಿಂದ 9, ಪೇಟೆಯ ಒಂದೇ ಒಂದು ರಸ್ತೆ. ಮೆರವಣಿಗೆಗೆ, ದಸರಾಕ್ಕೆ ಬಂದ್ ಮಾಡಲು ಬರುತ್ತದಲ್ಲ, ಇದಕ್ಕೂ ಬರುತ್ತದೆ.

ಆಮೇಲೆ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ವಾಕಿಂಗ್ ಅನ್ನೋದೇ ಇಲ್ಲ, ಜಿಗಣೆಗೆ ರಕ್ತದಾನ ಅಷ್ಟೇ. ಪಾರ್ಕಿನಲ್ಲಿ ಹಾಕುವ ಕಬ್ಬಿಣದ ಓಪನ್ ಜಿಮ್ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ಅದರ ಟೆಂಡರ್ ಕರೆದವರು ಕೊಡಗಿನ ಮಳೆ ನೋಡಿರುವುದಿಲ್ಲ. ವರ್ಷದ ಮೂರನೇ ಒಂದು ಪಾಲು ಒಳಗೇ ಮಾಡುವ ದಾರಿ ಹುಡುಕಬೇಕು. ಈಗ ಮಾಡಿದ್ದೀರಲ್ಲ, ಕುರ್ಚಿಯಿಂದ ಏಳುವುದು, ಅದೇ ಸಾಕು, ದಿನಕ್ಕೆ ಎರಡು ಹೊತ್ತು, ಹತ್ತು ಹತ್ತು ಸಲ. ಹಲ್ಲು ಉಜ್ಜುವಾಗ ಗೋಡೆ ಪಕ್ಕ ನಿಂತು ಒಂದು ಕಾಲಿನ ಮೇಲೆ ಹತ್ತು ಸೆಕೆಂಡು, ಆಮೇಲೆ ಇನ್ನೊಂದು ಕಾಲು. ಸಣ್ಣ ವಿಷಯ ಅಂದುಕೊಳ್ಳಬೇಡಿ. 2022ರಲ್ಲಿ ಬ್ರೆಜಿಲಿನವರು ಪ್ರಕಟಿಸಿದ ಅಧ್ಯಯನದಲ್ಲಿ 51ರಿಂದ 75ರವರನ್ನು ಹೀಗೆ ನಿಲ್ಲಿಸಿದ್ದರು. ಹತ್ತು ಸೆಕೆಂಡು ನಿಲ್ಲಲಾಗದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಜಾಸ್ತಿ ಇತ್ತು. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಮಳೆಗಾಲದಲ್ಲಿ ಅಂಗಳದ ಕಲ್ಲಿನ ಮೇಲೆ ಪಾಚಿ. ಬಚ್ಚಲಿಗೋ ಕೊಟ್ಟಿಗೆಗೋ ಹೋಗುವ ಅಜ್ಜಿ ಜಾರಿದರೆ ಸೊಂಟದ ಮೂಳೆ. ಆಮೇಲೆ ಎಷ್ಟೋ ಜನ ಮೊದಲಿನ ಹಾಗೆ ಓಡಾಡುವುದೇ ಇಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಜೊತೆಗೆ ಅಜ್ಜಿಯ ಕಾಲಿಗೂ ಬಲ ಬರಿಸಿ. ಎರಡೂ ಬೇಕು.

ಆದರೆ ನನಗೆ ತುಂಬ ಇಷ್ಟವಾದ ವ್ಯಾಯಾಮ ಯಾವುದು ಹೇಳಲಾ? ವಾಲಗ, ವಾದ್ಯದ ತಾಳಕ್ಕೆ ಎಲ್ಲರೂ ಸೇರಿ ಕುಣಿಯುವುದು.

ನಗಬೇಡಿ. ಮದುವೆ ಮನೆಯಲ್ಲಿ ವಾಲಗ ಶುರುವಾದರೆ ಏನಾಗುತ್ತದೆ ನೋಡಿದ್ದೀರಲ್ಲ. ಮಂಡಿ ನೋವು, ಮಂಡಿ ನೋವು ಅಂತ ಬೆಳಿಗ್ಗೆಯಿಂದ ಹೇಳಿದ ಅತ್ತೆ ಸೆರಗು ಸಿಕ್ಕಿಸಿಕೊಂಡು ಮಧ್ಯಕ್ಕೆ ಬಂದಿರುತ್ತಾರೆ. ಐದು ವರ್ಷದ ಮಗುವೂ ಇದೆ, 75ರ ಅಜ್ಜನೂ ಇದ್ದಾರೆ. ಯಾರು ಚೆನ್ನಾಗಿ ಕುಣಿದರು ಅಂತ ಯಾರೂ ನಂಬರ್ ಹಾಕುವುದಿಲ್ಲ. ಅರ್ಧ ಗಂಟೆ ಆದ ಮೇಲೆ ಮುಖ ಮುಟ್ಟಿ ನೋಡಿ, ಬೆವರು. ಮಾತಾಡಲು ಬರುತ್ತದೆ, ಹಾಡಲು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಇದನ್ನೇ! ಬೊಳಕಾಟ್, ಉಮ್ಮತ್ತಾಟ್, ಪುತ್ತರಿ ಕೋಲಾಟ, ನಮ್ಮ ಕುಣಿತಗಳೆಲ್ಲವೂ ಅಷ್ಟೇ. ಸುತ್ತು ಬರುವುದು, ಬಾಗುವುದು, ತಾಳಕ್ಕೆ ಹೆಜ್ಜೆ ಹಾಕುವುದು. ಸಮತೋಲನಕ್ಕೆ ಇದಕ್ಕಿಂತ ಏನು ಬೇಕು? ನಾವು ಮಾಡಿದ್ದೇನೆಂದರೆ ಅದನ್ನೂ ಸ್ಪರ್ಧೆ ಮಾಡಿ, ಎಂಟೆಂಟು ಹುಡುಗಿಯರಿಗೆ ಸೀರೆ ಉಡಿಸಿ ಸ್ಟೇಜ್ ಹತ್ತಿಸಿ, ಉಳಿದವರು ಕೆಳಗೆ ಕೂತು ವಿಡಿಯೋ ಮಾಡುತ್ತೇವೆ. ನಿಮ್ಮ ಸಂಘಕ್ಕೆ ಹಾಲ್ ಇದೆ. ಮಳೆಗಾಲದಲ್ಲಿ ವಾರಕ್ಕೆ ಎರಡು ಸಂಜೆ, ಒಂದು ಸ್ಪೀಕರ್, ಅರ್ಧ ಗಂಟೆ ವಾಲಗ. ಕೊಡವರು, ಗೌಡರು, ಮಲೆಯಾಳಿಗಳು, ಬ್ಯಾರಿಗಳು, ಯಾರು ಬೇಕಾದರೂ ಬರಲಿ, ಹೆಜ್ಜೆ ಹಾಕಲು ಜಾತಿ ಪ್ರಮಾಣಪತ್ರ ಬೇಡ. ಒಂದೇ ಷರತ್ತು, ಗ್ಲಾಸ್ ಬೇಡ.

ಗ್ಲಾಸಿನ ಮಾತು ಬಂತು, ಹೇಳಿಬಿಡುತ್ತೇನೆ, ಆಮೇಲೆ ಬೈಯಿರಿ. ಥಂಡಿಗೆ ಒಂದು ಪೆಗ್ ಒಳ್ಳೇದು ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಹಾಕಿದಾಗ ಚರ್ಮದ ರಕ್ತನಾಳ ಅಗಲವಾಗಿ ಮೈ ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ನಿಜಕ್ಕೂ ಒಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮದ್ಯಕ್ಕೆ ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ ಅಂತ ಹೇಳಿತು. ನಾನು ಯಾರ ಮನೆ ಬಾಟಲಿಯನ್ನೂ ಎಣಿಸಲು ಬಂದಿಲ್ಲ. ಪಂದ್ಯ ಗೆದ್ದರೂ ಸೋತರೂ ರಾತ್ರಿ ಅದೇ ಕಾರ್ಯಕ್ರಮ ಇಟ್ಟುಕೊಂಡು, ಇದನ್ನು ಕ್ರೀಡಾ ಸಂಸ್ಕೃತಿ ಅಂತ ಕರೆಯಬೇಡಿ ಅಂತ ಮಾತ್ರ ಹೇಳುತ್ತೇನೆ. ಊಟದಲ್ಲಿ ನಮಗೆ ದೊಡ್ಡ ತೊಂದರೆ ಇಲ್ಲ, ಕಡಂಬುಟ್ಟು, ನೂಪುಟ್ಟು ಎಲ್ಲ ಹಬೆಯಲ್ಲಿ ಬೆಂದದ್ದು. ಎರಡರ ಬದಲು ಆರು ತಿಂದರೆ ಅದು ಬೇರೆ ವಿಷಯ. ಬೆಲ್ಲದ ಕಾಫಿಗೆ ಶುಗರ್ ಬರುವುದಿಲ್ಲ ಅನ್ನೋದು ಸುಳ್ಳು. ಬೆಲ್ಲವೂ ಸಕ್ಕರೆಯೇ. ದಿನಕ್ಕೆ ಐದು ಕಾಫಿ, ಲೋಟಕ್ಕೆ ಎರಡು ಚಮಚ ಅಂದರೆ 40 ಗ್ರಾಂ ಅಲ್ಲೇ ಆಯ್ತು. ಸಾಧ್ಯವಾದರೆ 25 ಗ್ರಾಮಿನೊಳಗೆ ಇರಲಿ ಅನ್ನುತ್ತಾರೆ.

ಈಗ ಶಾಲೆ. ನಾನು ಪಿ.ಟಿ. ಮಾಸ್ಟರ್ ಆಗಿದ್ದವನು, ಒಳಗಿನ ಕಥೆ ಗೊತ್ತು. ಪಿ.ಟಿ. ಮಾಸ್ಟರ್ ಒಳ್ಳೆಯವನೋ ಕೆಟ್ಟವನೋ ಅಂತ ಹೇಳುವುದು ಹೋಬಳಿ, ತಾಲೂಕು, ಜಿಲ್ಲಾ ಮಟ್ಟದಲ್ಲಿ ಎಷ್ಟು ಕಪ್ ತಂದ ಅನ್ನೋದರ ಮೇಲೆ. ಹಾಗಾಗಿ ಜೂನ್‌ನಲ್ಲೇ ಚುರುಕಾಗಿರುವ ಹದಿನೈದು ಮಕ್ಕಳನ್ನು ಆರಿಸುತ್ತಾರೆ. ಸ್ಟಿಕ್, ಬಾಲ್, ಶೂ, ಮೊಟ್ಟೆ, ಎಲ್ಲ ಅವರಿಗೆ. ದಪ್ಪಗಿರುವ ಹುಡುಗ, ಕನ್ನಡಕದ ಹುಡುಗಿ, ಉಬ್ಬಸ ಇರುವ ಮಗು ಮೈದಾನದ ಅಂಚಿನಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಾರೆ. ಹೊಡೆಯದಿದ್ದರೆ ಕಲ್ಲು ಹೆಕ್ಕುವ ಕೆಲಸ. ಹತ್ತು ವರ್ಷ ಹೀಗೆ ಕೂತ ಮಗು ಏನು ಕಲಿಯುತ್ತದೆ? ಆಟ ಅನ್ನೋದು ನನ್ನದಲ್ಲ, ಬೇರೆಯವರದ್ದು ಅಂತ ಕಲಿಯುತ್ತದೆ. ದೊಡ್ಡದಾದ ಮೇಲೆ ನಾವು ಅದನ್ನು ಕರೆದು ವ್ಯಾಯಾಮ ಮಾಡು ಅಂತೇವೆ. ಒಂಬತ್ತನೇ ಕ್ಲಾಸಿಗೆ ಬಂದರೆ ಆ ಪಿರಿಯಡ್ಡೂ ಗಣಿತದವರ ಪಾಲು.

ಹಾಗಂತ ಸ್ಪರ್ಧೆಯೇ ಕೆಟ್ಟದ್ದಾ? ಅಲ್ಲ. ಸ್ಪರ್ಧೆ ಇಲ್ಲದಿದ್ದರೆ ಕೊಡಗಿನವರು ಹಾಸಿಗೆಯಿಂದ ಏಳುವುದಿಲ್ಲ, ನನಗೆ ಗೊತ್ತು. ಯಾವುದನ್ನು ಎಣಿಸುತ್ತೇವೆ ಅನ್ನೋದನ್ನು ಬದಲಿಸೋಣ ಅಂತ.

ಫಿನ್‌ಲ್ಯಾಂಡಿನಲ್ಲಿ ಉತ್ತರ ಕರೇಲಿಯಾ ಅಂತ ಒಂದು ಪ್ರಾಂತ್ಯ ಇದೆ. ಕಾಡು, ಹೈನುಗಾರಿಕೆ, ಥಂಡಿ, ಬೆಣ್ಣೆ, ಸಿಗರೇಟು. 1970ರ ಹೊತ್ತಿಗೆ ಅಲ್ಲಿನ ಗಂಡಸರು ನಡುವಯಸ್ಸಿನಲ್ಲೇ ಹೃದಯಾಘಾತದಲ್ಲಿ ಸಾಯುತ್ತಿದ್ದರು, ಜಗತ್ತಿನಲ್ಲೇ ಅತಿ ಹೆಚ್ಚು. 1972ರಲ್ಲಿ ಪೆಕ್ಕಾ ಪುಸ್ಕಾ ಅನ್ನೋ ಯುವ ಡಾಕ್ಟರ್ ಒಂದು ಯೋಜನೆ ಶುರು ಮಾಡಿದರು. ದೊಡ್ಡ ಆಸ್ಪತ್ರೆ ಕಟ್ಟಲಿಲ್ಲ. ಹೆಂಗಸರ ಸಂಘಗಳ ಹತ್ತಿರ ಹೋದರು, ಉಪ್ಪು, ಬೆಣ್ಣೆ ಕಡಿಮೆ ಹಾಕಿ ಅಡುಗೆ ಮಾಡಿ ಬಡಿಸುವ ಊಟದ ಕೂಟ ಮಾಡಿಸಿದರು. ಹಾಲಿನ ರೈತರು ಕೋಪ ಮಾಡಿಕೊಂಡಾಗ ಹಣ್ಣು ಬೆಳೆಯಲು ನೆರವು ಕೊಡಿಸಿದರು. ಮುಂದೆ ಹಳ್ಳಿ ಹಳ್ಳಿಗಳ ನಡುವೆ ಪಂದ್ಯ ಇಟ್ಟರು. ಯಾವ ಪಂದ್ಯ ಗೊತ್ತಾ? ಯಾವ ಹಳ್ಳಿಯ ಕೊಲೆಸ್ಟರಾಲ್ ಜಾಸ್ತಿ ಇಳಿಯುತ್ತದೆ ಅಂತ! ಅಲ್ಲಿ ಒಬ್ಬ ಚಾಂಪಿಯನ್ ಓಡಿ ಹಳ್ಳಿಯನ್ನು ಗೆಲ್ಲಿಸಲು ಆಗುವುದಿಲ್ಲ. ಎಲ್ಲರೂ ಇಳಿಸಬೇಕು. ಕೆಲವು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯ ಕಾಯಿಲೆಯ ಸಾವು ಶೇ. 80ಕ್ಕೂ ಹೆಚ್ಚು ಇಳಿಯಿತು.

ನಮಗೆ ಒಕ್ಕ ಇದೆ. ಒಕ್ಕದ ಮೂಲಮನೆಯಾದ ಐನ್‌ಮನೆ ಇದೆ. ಒಕ್ಕದ ಮಾನಕ್ಕೆ ಬೆಂಗಳೂರಿಂದ ಬಂದು ಕಾಲು ಮುರಿದುಕೊಳ್ಳುವವರು ಇದ್ದಾರೆ. ಅದೇ ಹುಮ್ಮಸ್ಸನ್ನು ಇಲ್ಲಿಗೆ ತಿರುಗಿಸಿ. ಟೂರ್ನಮೆಂಟಿಗೆ ಆರು ತಿಂಗಳ ಮೊದಲಿನಿಂದ ಪ್ರತಿ ಒಕ್ಕದಲ್ಲಿ ಎಷ್ಟು ಜನ ವಾರಕ್ಕೆ 150 ನಿಮಿಷ ಮುಗಿಸಿದರು, ನೂರಕ್ಕೆ ಎಷ್ಟು, ಬರೆದಿಡಿ. ಸೊಸೆಯಂದಿರು, ಅಜ್ಜಂದಿರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಎಲ್ಲರೂ ಸೇರಲಿ. ಫೈನಲ್ ದಿನ ಹಾಕಿ ಕಪ್ಪಿನ ಪಕ್ಕ ಇದಕ್ಕೂ ಒಂದು ಕಪ್, ಅಷ್ಟೇ ದೊಡ್ಡದು. ಚಿಕ್ಕ ಒಕ್ಕವೂ ಗೆಲ್ಲಬಹುದು. ಒಕ್ಕ ಇಲ್ಲದವರು ಕೇರಿಯ ಲೆಕ್ಕದಲ್ಲಿ, ಸ್ತ್ರೀಶಕ್ತಿ ಗುಂಪಿನ ಲೆಕ್ಕದಲ್ಲಿ, ಪಂಚಾಯಿತಿ ವಾರ್ಡಿನ ಲೆಕ್ಕದಲ್ಲಿ ಬರಲಿ. ಸುಳ್ಳು ಬರೆಯುತ್ತಾರೆ ಅಂತೀರಾ? ಬರೆಯುತ್ತಾರೆ. ಅದಕ್ಕೇ ಫೈನಲ್ ದಿನ ಎಲ್ಲರಿಗೂ ಈ ಕುರ್ಚಿ ಪರೀಕ್ಷೆ ಇಡಿ, ಅಲ್ಲಿ ಸುಳ್ಳು ಹೇಳಲು ಬರುವುದಿಲ್ಲ.

ಇಷ್ಟಾದ ಮೇಲೆ ಪ್ರಶ್ನೆಗಳು ಬಂದವು. ಮುಖ್ಯವಾದವು ಮೂರು.

ಒಬ್ಬ ಹುಡುಗ ಕೇಳಿದ, ಹಾಗಾದರೆ ನಮ್ಮಪ್ಪ ಇನ್ನು ಹಾಕಿ ಆಡಬಾರದಾ ಸಾರ್ ಅಂತ. ಆಡಲಿ. ಜನವರಿಯಿಂದ ತಯಾರಿ ಮಾಡಲಿ. ಮೊದಲ ತಿಂಗಳು ನಡಿಗೆ, ಆಮೇಲೆ ನಿಧಾನ ಓಟ, ಕೊನೆಗೆ ಸಣ್ಣ ಸಣ್ಣ ಸ್ಪ್ರಿಂಟ್. ದಿನಾ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಮೀನಖಂಡಕ್ಕೆ ಅದು ಬೇಕೇ ಬೇಕು. 40 ದಾಟಿದ್ದರೆ ಬಿಪಿ, ಶುಗರ್ ನೋಡಿಸಿಕೊಂಡು ಇಳಿಯಲಿ. ಆಡುವಾಗ ಎದೆ ಬಿಗಿದರೆ, ದವಡೆಗೋ ಎಡಗೈಗೋ ನೋವು ಹರಿದರೆ, ಕಾರಣ ಇಲ್ಲದೆ ಬೆವರಿದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಯುವುದಲ್ಲ, ಆಸ್ಪತ್ರೆ.

ಮಂಡಿ ನೋವಿರುವವರು ನಡೆಯಬಹುದಾ ಅಂತ ಒಬ್ಬ ಅಮ್ಮ ಕೇಳಿದರು. ಸವೆತದ ನೋವಾದರೆ ಹೆಚ್ಚಿನವರು ನಡೆಯಬಹುದು, ನಡೆಯಲೇಬೇಕು. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಭಾರ ಕಡಿಮೆ. ಆದರೆ ಕಡಿದಾದ ಇಳಿಜಾರು ಇಳಿಯಬೇಡಿ, ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಕಷ್ಟ. ಕೋಲು ಹಿಡಿಯಲು ನಾಚಿಕೆ ಬೇಡ. ನಮ್ಮ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಮಂಡಿಯ ಕಾರ್ಟಿಲೇಜ್ ಸವೆದು ಹೋಗಿ ನೋವಿನಲ್ಲಿದ್ದವರು, ಅಯ್ಯಂಗಾರ್ ಯೋಗದಿಂದ ತುಂಬ ಉಪಯೋಗ ಆಯ್ತು ಅಂತ ಅವರೇ ಹೇಳಿದ್ದಾರೆ. 2024ರಲ್ಲಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ನಿಮಗೆ ಗೇಟಿನವರೆಗೆ ಹೋದರೆ ಸಾಕು ಅಮ್ಮಾ. ಊತ ಇದ್ದರೆ, ಮಂಡಿ ಬಿಸಿಯಾಗಿದ್ದರೆ, ನಡೆಯುವಾಗ ಸಿಕ್ಕಿಹಾಕಿಕೊಂಡ ಹಾಗಾದರೆ ಡಾಕ್ಟರಿಗೆ ತೋರಿಸದೆ ಏನೂ ಮಾಡಬೇಡಿ.

ಮೂರನೆಯದು, ಶಾಲೆ ಮೈದಾನದ ಬೀಗಕ್ಕೆ ಏನು ಮಾಡೋದು ಅಂತ. ಶಾಲಾಭಿವೃದ್ಧಿ ಸಮಿತಿಗೆ ಒಂದು ಅರ್ಜಿ, ಪಂಚಾಯಿತಿಗೆ ಅದರ ಪ್ರತಿ. ಸಂಜೆ ಐದರಿಂದ ಆರೂವರೆ, ಕೀಲಿ ಯಾರ ಹತ್ತಿರ ಇರುತ್ತದೆ, ಕಸ ಯಾರು ತೆಗೆಯುತ್ತಾರೆ, ಕಿಟಕಿ ಗಾಜು ಒಡೆದರೆ ಯಾರು ಹಾಕಿಸುತ್ತಾರೆ, ಎಲ್ಲ ಅದರಲ್ಲೇ ಬರೆದಿದ್ದೇನೆ. ಜವಾಬ್ದಾರಿ ಯಾರದ್ದು ಅಂತ ಕೇಳಿದರೆ ತೋರಿಸಲು ನಿಮ್ಮ ಹೆಸರು ಬೇಕು. ಅರ್ಜಿ ಆ ಮೂಲೆಯ ಮೇಜಿನ ಮೇಲಿದೆ, ಪೆನ್ನು ದಾರದಲ್ಲಿ ಕಟ್ಟಿದೆ. ಕಾಫಿ ಸಾಲಿಗೆ ನಿಲ್ಲುವ ಮೊದಲು ಆ ಕಡೆಯಿಂದ ಬನ್ನಿ.